ಫೋನಿನಾಗ ಯಾರಾರ ಕಾಡ್ಲಿಕ್ಕತ್ತಿದ್ರ, ಡಿಲೀಟ್ ಒತ್ತೋಕಿಂತ ಮೊದ್ಲ ಇದು ಓದ್ರಿ

ನಮ್ದು ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಒಂದು ಸಣ್ಣ ಝೆರಾಕ್ಸ್ ಅಂಗಡಿ ಅದ. ಆನ್‌ಲೈನ್ ಅರ್ಜಿ ಹಾಕ್ತೀವಿ, ಟೈಪಿಂಗ್ ಮಾಡ್ತೀವಿ, ಕಾಸ್ಟ್ ಇನ್‌ಕಮ್, ಸ್ಕಾಲರ್‌ಶಿಪ್, ಪಹಣಿ ಎಲ್ಲಾ ನಡೀತದ. ಮಧ್ಯಾಹ್ನದ ಬಿಸಿಲಿಗಿ ಗಿರಾಕಿ ಕಡಿಮಿ ಇದ್ದಾಗ ಕೆಲವು ಹುಡುಗ್ಯಾರು ಬರ್ತಾರ, ಬಂದು ಒಂದು ಆಧಾರ್ ಝೆರಾಕ್ಸ್ ಮಾಡಿಸ್ತಾರ, ರೊಕ್ಕ ಕೊಡ್ತಾರ, ಚಿಲ್ರ ಕೈಗಿ ಬಂದ್ರೂ ಹೋಗಂಗಿಲ್ಲ, ಅಲ್ಲೇ ಕೌಂಟರ್ ಹಿಡ್ಕೊಂಡು ನಿಂತಿರ್ತಾರ. ನಂಗೀಗ ನೋಡಿದ ಕೂಡ್ಲೇ ತಿಳೀತದ. ಫ್ಯಾನ್ ಕೆಳಗ ಕುರ್ಚಿ ಹಾಕಿ ಕುಂದ್ರವ್ವ ಅಂತೀನಿ.

ಹಂಗ ಬಂದ ಒಬ್ಬಾಕಿ ಕಡಿ 30 ಸ್ಕ್ರೀನ್‌ಶಾಟ್ ಇದ್ವು, ಭಾಳ ಹೊಲಸ ಮೆಸೇಜು, ಫೋಟೋ ಎಡಿಟ್ ಮಾಡಿ ಬಿಡ್ತೀನಿ ಅನ್ನೋ ಧಮ್ಕಿ, ಎಲ್ಲಾ ಇತ್ತು ಆದ್ರ ಒಂದ್ರಾಗೂ ನಂಬರ್ ಇರಲಿಲ್ಲ. ಯಾಕಂದ್ರ ಆಕಿ ಆ ನಂಬರ್‌ನ 'ಫ್ರಾಡ್ 2' ಅಂತ ಸೇವ್ ಮಾಡಿದ್ಲು, ಸ್ಕ್ರೀನ್‌ಶಾಟ್‌ನಾಗ ಮ್ಯಾಲ ಬರೀ ಫ್ರಾಡ್ 2, ಫ್ರಾಡ್ 2 ಅಂತ ಬಂದಿತ್ತು. ಅಂಜಿ ಚಾಟ್ ಡಿಲೀಟ್ ಮಾಡಿದ್ಲು, ನಂಬರ್ ಬ್ಲಾಕ್ ಮಾಡಿದ್ಲು, ಸಿಮ್ಮೂ ಮುರ್ದು ಒಗದಿದ್ಲು. ಬ್ಲಾಕ್ ಲಿಸ್ಟಿನಾಗ ಆ ನಂಬರ್ ಉಳ್ಕೊಂಡಿತ್ತು ಅಂತ ಬಚಾವ್ ಆಯ್ತು. ಅವತ್ತಿನಿಂದ ನಾ ಯಾರು ಬಂದ್ರೂ ಹೇಳೋದು ಒಂದೇ, ಮೊದ್ಲ ಕೂಡಿಡು, ಆಮ್ಯಾಲ ರಿಪೋರ್ಟ್ ಮಾಡು, ಕಡೀಕ ಬ್ಲಾಕ್ ಮಾಡು. ಈ ಮೂರು ಉಲ್ಟಾ ಆದ್ರ ಠಾಣೆದಾಗ ಹೇಳ್ಲಿಕ್ಕಿ ಬಾಯಿ ಇರ್ತದ, ತೋರಿಸ್ಲಿಕ್ಕಿ ಏನೂ ಇರಂಗಿಲ್ಲ.

ಮೊದಲ ಒಂದು ತಾಸು

ಮೆಸೇಜ್ ಬಂತು, ಇಲ್ಲಾ ಯಾರೋ ಗೆಳತಿ ಫೋನ್ ಹಚ್ಚಿ ನಿನ್ನ ಫೋಟೋ ಹಾಕ್ಯಾರ ನೋಡು ಅಂದ್ಲು. ಕೈ ನಡಗ್ತಾವ, ಖರೆ. ಆ ತಾಸಿನಾಗ ಮೂರು ಕೆಲಸ ಮಾಡಬ್ಯಾಡ್ರಿ. ಒಂದು, ಬೈದು ರಿಪ್ಲೈ ಹಾಕಬ್ಯಾಡ್ರಿ, ನೀವು ಬೈದಿದ್ದು ಅಷ್ಟೇ ಕತ್ತರಿಸಿ ತೋರಿಸ್ತಾನ. ಎರಡು, ರೊಕ್ಕ ಹಾಕಬ್ಯಾಡ್ರಿ, ಎರಡು ಸಾವಿರ ಹಾಕಿದ್ರ ಸುಮ್ಮಾಗ್ತಾನ ಅಂತ ಅನ್ನಿಸ್ತದ, ಆದ್ರ ರೊಕ್ಕ ಕೊಟ್ಟೋರ ಕಡೀಗೇ ಅವ ಮತ್ತ ಮತ್ತ ಬರ್ತಾನ, ಕೊಡ್ತಾಳ ಅಂತ ಗೊತ್ತಾತಲ್ಲ. ಹಾಕಿಬಿಟ್ಟಿದ್ರ ಕೂಡ್ಲೇ 1930ಕ್ಕ ಫೋನ್ ಹಚ್ರಿ, ಅದು ರೊಕ್ಕ ಹೋದಾಗ ಹಚ್ಚೋ ನಂಬರ್, ಜಲ್ದಿ ಹಚ್ಚಿದ್ರ ಅವನ ಅಕೌಂಟಿನಾಗ ರೊಕ್ಕ ತಡೀಲಿಕ್ಕಿ ಅವಕಾಶ ಇರ್ತದ. ಮೂರನೇದು ಹೇಳೇ ಬಿಟ್ಟೀನಿ, ಡಿಲೀಟ್.

ಲೋನ್ ಆ್ಯಪ್‌ದೋರು ಕಾಂಟ್ಯಾಕ್ಟ್ ಲಿಸ್ಟ್ ಎತ್ಕೊಂಡು ಹೆಣ್ಮಕ್ಕಳ ಫೋಟೋ ಕೆಡಿಸಿ ಸಂಬಂಧಿಕರಿಗೆಲ್ಲ ಕಳಸ್ತಾರಲ್ಲ, ಅದಕ್ಕೂ ಇದೇ ಲೆಕ್ಕ. ಸಾಲ ತಗೊಂಡಿದ್ದು ನಿಮ್ಮ ತಪ್ಪು ಇರಬಹುದು, ಇಲ್ಲದಿರಬಹುದು, ಫೋಟೋ ಕೆಡಿಸಿದ್ದು ಮಾತ್ರ ಅವರ ಅಪರಾಧ.

ಪುರಾವೆ ಹ್ಯಾಂಗ ಕೂಡಿಡೋದು

ಇದಕ್ಕ ಅರ್ಧ ದಿನ ಹೋದ್ರೂ ಹೋಗ್ಲಿ, ಇದನ್ನ ಬರೋಬ್ಬರಿ ಮಾಡ್ರಿ.

ವಾಟ್ಸಾಪ್ ಇದ್ರ ಪಹಿಲೆ ಆ ಕಾಂಟ್ಯಾಕ್ಟ್ ಹೆಸರು ಅಳಿಸಿ ಬರೀ ನಂಬರ್ ಕಾಣೋಹಂಗ ಮಾಡ್ರಿ, ಚಾಟ್ ಹೋಗಂಗಿಲ್ಲ, ಹೆಸರಷ್ಟೇ ಹೋಗ್ತದ. ಆಮ್ಯಾಲ ಅವನ ಪ್ರೊಫೈಲ್ ತೆರೆದು ಡಿಪಿ, ನಂಬರ್ ಎರಡೂ ಒಂದೇ ಸ್ಕ್ರೀನ್‌ಶಾಟ್‌ನಾಗ ಬರೋಹಂಗ ತಗೀರಿ. ನಂತರ ಚಾಟ್‌ನ ಮ್ಯಾಲಿಂದ ಕೆಳಗ ಒಂದೂ ಬಿಡದೆ, ತಾರೀಖು ಟೈಮ್ ಕಾಣಬೇಕು. ಕ್ರಾಪ್ ಮಾಡಬ್ಯಾಡ್ರಿ, ಕೆಂಪು ಗೋಲ ಹಾಕಬ್ಯಾಡ್ರಿ, ಹೊಲಸ ಶಬ್ದದ ಮ್ಯಾಲ ಕರೀ ಪಟ್ಟಿ ಎಳೀಬ್ಯಾಡ್ರಿ, ನಾಚಿಕಿ ಬಂದ್ರೂ ಹಂಗೇ ಇರ್ಲಿ. ಎಕ್ಸ್‌ಪೋರ್ಟ್ ಚಾಟ್ ಅಂತ ಒಂದು ಆಪ್ಶನ್ ಅದ, ಅದ್ರಿಂದ ಪೂರಾ ಚಾಟ್ ಒಂದು ಫೈಲ್ ಆಗಿ ಬರ್ತದ, ಅದನ್ನ ನಿಮ್ಮ ಜಿಮೇಲ್‌ಗಿ ನೀವೇ ಕಳಿಸ್ಕೋರಿ. ಒಂದೇ ಸಲ ಕಾಣೋ ಫೋಟೋ ಬಂದಿದ್ರ ಅದಕ್ಕ ಸ್ಕ್ರೀನ್‌ಶಾಟ್ ಬರಂಗಿಲ್ಲ, ಬಾಜೂದೋರ ಫೋನಿಲೆ ನಿಮ್ಮ ಸ್ಕ್ರೀನ್‌ದೇ ಫೋಟೋ ಹೊಡೀರಿ, ತೆರೆಯೋಕಿಂತ ಮೊದ್ಲ ಅವರು ಕ್ಯಾಮೆರಾ ಹಿಡ್ಕೊಂಡು ತಯಾರ ಇರ್ಬೇಕು.

ಇನ್‌ಸ್ಟಾಗ್ರಾಮ್ ಇದ್ರ ಬರೀ ಹೆಸರು ನಂಬಬ್ಯಾಡ್ರಿ, ಇವತ್ತು ಒಂದು ಹೆಸರು ಇರ್ತದ, ನಾಳೆ ಬದಲಾಯಿಸಿರ್ತಾನ. ಪ್ರೊಫೈಲ್ ಲಿಂಕ್ ಕಾಪಿ ಮಾಡಿ ನೋಟ್ಸ್‌ನಾಗ ಹಾಕ್ಕೋರಿ, ಪೋಸ್ಟು ರೀಲು ಇದ್ರ ಅದರ ಲಿಂಕೂ ಬ್ಯಾರೆ. ಅವನ ಪ್ರೊಫೈಲ್‌ನಾಗ ಮೂರು ಚುಕ್ಕಿ ಒತ್ತಿದ್ರ 'ಅಬೌಟ್ ದಿಸ್ ಅಕೌಂಟ್' ಅಂತ ಬರ್ತದ, ಅಲ್ಲಿ ಅಕೌಂಟ್ ಯಾವಾಗ ತೆರೆದಾನ, ಹೆಸರು ಬದಲಾಯಿಸ್ಯಾನೋ ಇಲ್ಲೋ ಕಾಣ್ತದ, ಅದರದ್ದೂ ಒಂದು ಸ್ಕ್ರೀನ್‌ಶಾಟ್. ಮತ್ತ ಸ್ಕ್ರೀನ್ ರೆಕಾರ್ಡಿಂಗ್ ಆನ್ ಮಾಡಿ, ಪ್ರೊಫೈಲ್‌ನಿಂದ ಸುರು ಮಾಡಿ ಮೆಸೇಜ್ ತನಕ ಸ್ಕ್ರಾಲ್ ಮಾಡ್ಕೋತ ಹೋಗ್ರಿ. ಫೇಕ್ ಸ್ಕ್ರೀನ್‌ಶಾಟ್ ಮಾಡೋದು ಈಗ ಸಣ್ಣ ಹುಡುಗ್ರಿಗೂ ಬರ್ತದ, ಹಂಗಾಗಿ ಓಡೋ ವಿಡಿಯೋಕ್ಕ ಒಂದೀಟು ಜಾಸ್ತಿ ಕಿಮ್ಮತ್ತು.

ಊರಿನ ವಾಟ್ಸಾಪ್ ಗ್ರೂಪಿನಾಗ ಹಾಕಿದ್ರ ಕತಿ ಬ್ಯಾರೆ. ಯಾದಗಿರಿ ಕಡೀದ ಒಬ್ಬಾಕಿ ಪಂಚಾಯ್ತಿ ಎಲೆಕ್ಷನ್‌ಗಿ ನಿಂತಿದ್ಲು, ಆಕಿ ಮುಖ ಯಾವ್ದೋ ಹೊಲಸ ಫೋಟೋಕ್ಕ ಹಚ್ಚಿ ಊರ ಗ್ರೂಪಿಗಿ ಬಿಟ್ಟಿದ್ರು, ಆಕಿ ಆ ಗ್ರೂಪಿನಾಗೇ ಇರಲಿಲ್ಲ, ಊರೆಲ್ಲ ನೋಡಿದ ಮ್ಯಾಲ ಆಕಿಗಿ ಗೊತ್ತಾತು. ಇಂಥಾ ಕಡಿ ಗ್ರೂಪಿನಾಗಿರೋ ಒಬ್ಬ ನಂಬಿಗಸ್ತ ಮನುಷ್ಯ ಬೇಕು, ಹಾಕಿದವನ ನಂಬರ್, ಟೈಮ್, ಗ್ರೂಪ್ ಹೆಸರು, ಅಡ್ಮಿನ್ ಯಾರು, ಮೆಂಬರ್ ಲಿಸ್ಟು, ಎಲ್ಲಾ ತಗೊಂಡಾದ ಮ್ಯಾಲಷ್ಟೇ ಅಡ್ಮಿನ್‌ಗಿ ಹೇಳಿ ಡಿಲೀಟ್ ಮಾಡಸ್ರಿ. ನಾ ಮಾಡಿಲ್ಲ, ಬರೀ ಫಾರ್ವರ್ಡ್ ಮಾಡೀನಿ ಅನ್ನೋರು ಇರ್ತಾರಲ್ಲ, ಅಂಥಾ ಫೋಟೋ ಮುಂದ ದಾಟಿಸೋದೂ ಅಪರಾಧನೇ, ಕಾನೂನಿನಾಗ ಪ್ರಕಟ ಮಾಡೋದು ಮತ್ತ ರವಾನಿಸೋದು ಎರಡೂ ಶಬ್ದ ಅದಾವ.

ಕಮೆಂಟಿನಾಗ ಹತ್ತಾರು ಮಂದಿ ಸೇರಿ ಬೈಯೋದಿದ್ರ ಒಂದು ಪಟ್ಟಿ ಮಾಡ್ರಿ, ಅಕೌಂಟ್ ಹೆಸರು, ಲಿಂಕು, ಏನ್ ಬರ್ದಾನ, ಯಾವ ದಿನ. 2025ರ ಜುಲೈನಾಗ ನಟಿ ರಮ್ಯಾ ಬೆಂಗಳೂರು ಪೊಲೀಸ್ ಕಮಿಷನರ್ ಕಡಿ ಹೋದದ್ದು ನೆನಪದಲ್ಲ, ಸುಮ್ಮ ನನಗ ಬೈತಾರ್ರಿ ಅಂತ ಹೇಳಿ ಬರಲಿಲ್ಲ, 43 ಅಕೌಂಟಿನ ಪಟ್ಟಿ ಹಚ್ಚಿ ಕೊಟ್ಟು ಬಂದ್ರು, ಅದರಿಂದ ಅರೆಸ್ಟೂ ಆದ್ವು. ಅವರು ದೊಡ್ಡ ಮಂದಿ ಬಿಡ್ರಿ ಅಂತೀರಿ, ಖರೆ, ಆದ್ರ ಪಟ್ಟಿ ಮಾಡ್ಲಿಕ್ಕಿ ದೊಡ್ಡ ಮಂದಿ ಆಗಬೇಕಿಲ್ಲ, ಒಂದು ಎಕ್ಸೆಲ್ ಶೀಟು ಸಾಕು.

ಎಲ್ಲಾ ಆದ ಮ್ಯಾಲ ಎರಡು ಕಾಪಿ ಮಾಡ್ರಿ, ಒಂದು ಮೇಲಿನಾಗ, ಒಂದು ಪೆನ್‌ಡ್ರೈವ್‌ನಾಗ. ಮೂಲ ಮೆಸೇಜು ಮೂಲ ಫೋನಿನಾಗೇ ಇರ್ಲಿ, ಕೋರ್ಟಿನಾಗ ಡಿಜಿಟಲ್ ಪುರಾವೆಕ್ಕ ಭಾರತೀಯ ಸಾಕ್ಷ್ಯ ಅಧಿನಿಯಮದ (ಪುರಾವೆ ಬಗ್ಗೆ ಇರೋ ಹೊಸ ಕಾಯ್ದೆ) 63ನೇ ಕಲಮಿನ ಸರ್ಟಿಫಿಕೇಟ್ ಬೇಕಾಗ್ತದ, ಅದು ಕೊಡ್ಬೇಕಾದ್ರ ಮೂಲ ಫೋನ್ ಇದ್ರೇ ಅನುಕೂಲ.

ಆನ್‌ಲೈನ್ ಇದ್ದಿದ್ದನ್ನ ಕೆಳಗಿಳಿಸೋದು

ಪುರಾವೆ ಕೈಯಾಗ ಬಂದ ಮ್ಯಾಲ ರಿಪೋರ್ಟ್ ಒತ್ರಿ. ವಾಟ್ಸಾಪ್‌ನಾಗ ರಿಪೋರ್ಟ್ ಮಾಡಿದ್ರ ಅವನ ಕಡೀ ಐದು ಮೆಸೇಜ್ ಕಂಪನಿಗಿ ಹೋಗ್ತಾವ, ರಿಪೋರ್ಟ್ ಮಾಡಿದ್ದು ಅವನಿಗಿ ತಿಳಿಯಂಗಿಲ್ಲ. ಫೇಸ್‌ಬುಕ್ ಇನ್‌ಸ್ಟಾದಾಗ ಕಾರಣ ಕೇಳ್ತದ, ಸರಿಯಾದ್ದು ಆರಿಸ್ರಿ, ನಿಮ್ಮ ಹೆಸರಿಲೆ ಫೇಕ್ ಅಕೌಂಟ್ ಇದ್ರ ಬ್ಯಾರೆ, ನಗ್ನ ಫೋಟೋ ಇದ್ರ ಬ್ಯಾರೆ, ಸುಮ್ಮ ಸ್ಪ್ಯಾಮ್ ಅಂತ ಒತ್ತಿದ್ರ ಅದು ಎಲ್ಲೋ ಮೂಲಿಗಿ ಬೀಳ್ತದ.

ರಿಪೋರ್ಟ್ ಬಟನ್ ಒತ್ತೋದಷ್ಟೇ ಸಾಕಾಗಂಗಿಲ್ಲ, ಆ ಕಂಪನಿಯ ಗ್ರೀವನ್ಸ್ ಆಫೀಸರ್‌ಗೂ, ಅಂದ್ರ ದೂರು ಕೇಳೋ ಅಧಿಕಾರಿಗೂ ಬರೀರಿ. 2021ರ ಐಟಿ ನಿಯಮದ ಪ್ರಕಾರ ಹೆಣ್ಮಗಳ ಖಾಸಗಿ ಅಂಗ ತೋರಿಸೋ, ನಗ್ನ ಇರೋ, ಇಲ್ಲಾ ಕೃತಕವಾಗಿ ಮಾರ್ಫ್ ಮಾಡಿದ (ಮುಖ ಬದಲಿಸಿ ಕೆಡಿಸಿದ) ಫೋಟೋ ವಿಡಿಯೋ ಬಗ್ಗೆ ಆಕಿ ಕಂಪ್ಲೇಂಟ್ ಕೊಟ್ರ, ಆಕಿ ಪರವಾಗಿ ಬ್ಯಾರೆಯೋರು ಕೊಟ್ರೂ, ಹೆಚ್ಚಂದ್ರ 2 ತಾಸಿನೊಳಗ ತಗೀಲಿಕ್ಕಿ ಕ್ರಮ ತಗೋಬೇಕು, 2026ರ ಫೆಬ್ರುವರಿ ತನಕ ಇದು 24 ತಾಸು ಇತ್ತು. ಮೇಲಿನಾಗ ಇದನ್ನ ಸಾಫ್ ಬರೀರಿ, ನಿಯಮ 3(2)(ಬಿ) ಅಂತ ನಂಬರ್ ಹಾಕ್ರಿ. ನಂಬರ್ ನೋಡಿದ್ರ ಎಂಥಾ ಕಂಪನಿಗೂ ಒಂದೀಟು ಎಚ್ಚರ ಆಗ್ತದ, ಇದು ನಮ್ಮ ಸರ್ಕಾರಿ ಆಫೀಸಿಗೂ ಲಾಗೂ ಆಗೋ ಮಾತು. ಅವರು ಮಾಡಲಿಲ್ಲ, ಇಲ್ಲಾ ಮಾಡಿದ್ದು ಸರಿ ಇಲ್ಲ ಅಂದ್ರ ಕೇಂದ್ರದ ಗ್ರೀವನ್ಸ್ ಅಪೀಲೇಟ್ ಕಮಿಟಿ (ಮೇಲ್ಮನವಿ ಕೇಳೋ ಸಮಿತಿ) ಅದ, 30 ದಿನದೊಳಗ ಆನ್‌ಲೈನ್‌ನಾಗೇ ಅಪೀಲ್ ಹಾಕಬಹುದು.

ಇನ್ನೂ ಬಿಟ್ಟಿಲ್ಲ, ಬಿಡ್ತೀನಿ ಅಂತ ಹೆದರಿಸ್ತಿದ್ರ ಸ್ಟಾಪ್ ಎನ್‌ಸಿಐಐ ಡಾಟ್ ಓಆರ್‌ಜಿ ಅನ್ನೋ ಸೈಟ್ ಅದ. ಅಲ್ಲಿ ಫೋಟೋ ಅಪ್‌ಲೋಡ್ ಆಗಂಗಿಲ್ಲ, ನಿಮ್ಮ ಫೋನಿನಾಗೇ ಅದರ ಒಂದು ಡಿಜಿಟಲ್ ಹೆಬ್ಬೆಟ್ಟು ತಗೊಂಡು ಅಷ್ಟೇ ಕಳಸ್ತದ, ಫೇಸ್‌ಬುಕ್ ಇನ್‌ಸ್ಟಾಗ್ರಾಮ್ ಅಂಥೋರು ಆ ಹೆಬ್ಬೆಟ್ಟು ಹೊಂದೋ ಫೋಟೋ ಬಂದ್ರ ತಡೀತಾರ. ಇದು 18 ದಾಟಿದೋರಿಗಿ. ಅದಕ್ಕಿಂತ ಸಣ್ಣೋರಿಗಿ ಟೇಕ್ ಇಟ್ ಡೌನ್ ಅಂತ ಬ್ಯಾರೆ ಸೈಟ್ ಅದ. ವಾಟ್ಸಾಪ್‌ನಾಗ ಕೈಯಿಂದ ಕೈಗಿ ಹೋಗೋದಕ್ಕ ಇದು ಕೆಲಸಕ್ಕ ಬರಂಗಿಲ್ಲ, ಅದು ಮೊದ್ಲೇ ತಿಳ್ಕೊಂಡಿರ್ರಿ. ಗೂಗಲ್‌ನಾಗ ಹುಡುಕಿದ್ರ ಫೋಟೋ ಬರ್ತಿದ್ರ ಗೂಗಲ್‌ಗೂ ತಗೀರಿ ಅಂತ ಬ್ಯಾರೆ ಅರ್ಜಿ ಹಾಕಬೇಕು.

ಕಂಪ್ಲೇಂಟ್

ಮನಿಯಾಗ ಕುಂತು ಮಾಡೋದಾದ್ರ ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್. ಅಲ್ಲಿ ಹೆಂಗಸರು ಮಕ್ಕಳದ್ದೇ ಬ್ಯಾರೆ ವಿಭಾಗ ಅದ, ಹೆಸರು ಹೇಳದೆ ಕೊಡೋ ಆಪ್ಶನ್ನೂ ಅದ, ಆದ್ರ ಹೆಸರಿಲ್ದೆ ಕೊಟ್ರ ಮುಂದ ಏನಾತು ಅಂತ ಟ್ರ್ಯಾಕ್ ಮಾಡ್ಲಿಕ್ಕಿ ಬರಂಗಿಲ್ಲ. ನನ್ನ ಕೇಳಿದ್ರ, ಆಗೋದಿದ್ರ ಹೆಸರು ಹಾಕಿ ಓಟಿಪಿ ಕೊಟ್ಟೇ ಮಾಡ್ರಿ. ವಿವರ ಬರೆಯೋ ಡಬ್ಬಿದಾಗ ಕನಿಷ್ಠ 200 ಅಕ್ಷರ ಕೇಳ್ತದ, ಸ್ಪೆಷಲ್ ಕ್ಯಾರೆಕ್ಟರ್ ಹಾಕಿದ್ರ ತಗೊಳಂಗಿಲ್ಲ, ಇದಕ್ಕೇ ಭಾಳ ಮಂದಿ ಅರ್ಧಕ್ಕ ಬಿಟ್ಟು ಎದ್ದು ಹೋಗ್ತಾರ. ಹಂಗಾಗಿ ಮೊದ್ಲ ಒಂದು ಕಾಗದದ ಮ್ಯಾಲ ಬರ್ಕೊಂಡು ಬರ್ರಿ, ಯಾವ ದಿನ, ಎಷ್ಟು ಗಂಟೆಗಿ, ಯಾವ ನಂಬರ್, ಏನಂದ, ನಾ ಏನ್ ಮಾಡ್ದೆ. ಅಳು, ಸಿಟ್ಟು ಎಲ್ಲಾ ಬರ್ತದ, ಅದನ್ನ ಕಡೀ ಸಾಲಿನಾಗ ಹಾಕ್ರಿ. ಕೊನಿಗಿ ಬರೋ ಅಕ್ನಾಲೆಜ್‌ಮೆಂಟ್ ನಂಬರ್ ಪ್ರಿಂಟ್ ತಗೀರಿ.

ಪೋರ್ಟಲ್‌ನಾಗ ಹಾಕಿದ್ದು ಎಫ್‌ಐಆರ್ ಅಲ್ಲ, ಅದು ರಾಜ್ಯದ ಪೊಲೀಸರಿಗಿ ಹೋಗ್ತದ ಅಷ್ಟೇ. ಧಮ್ಕಿ, ಮಾರ್ಫಿಂಗ್, ಬೆನ್ನು ಹತ್ತೋದು ಇಂಥಾದ್ದಿದ್ರ ಠಾಣೆಗಿ ಹೋಗ್ರಿ. ಕಲಬುರಗಿ, ಬೀದರ, ಯಾದಗಿರಿ ಮೂರೂ ಕಡಿ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧದ) ಠಾಣೆ ಅದಾವ, ಸೈಬರ್ ಕೇಸು ಅವರೇ ನೋಡೋದು. ಅಷ್ಟು ದೂರ ಆಗಲ್ಲ ಅಂದ್ರ ನಿಮ್ಮೂರಿನ ಠಾಣೆದಾಗೇ ಕೊಡ್ರಿ, ನಮ್ಮ ಹದ್ದಿನಾಗ ಬರಂಗಿಲ್ಲ ಅಂತ ವಾಪಸ್ ಕಳಿಸ್ಲಿಕ್ಕಿ ಬರಂಗಿಲ್ಲ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಪೊಲೀಸರು ಕೇಸು ಹ್ಯಾಂಗ ನಡೆಸ್ಬೇಕು ಅಂತ ಹೇಳೋ ಕಾಯ್ದೆ) 173ನೇ ಕಲಮಿನ ಪ್ರಕಾರ ಎಲ್ಲಿ ಆದ್ರೂ ಬರ್ಕೋಬೇಕು, ಅದಕ್ಕೇ ಝೀರೋ ಎಫ್‌ಐಆರ್ ಅಂತಾರ. ಹೆಣ್ಮಗಳು ಲೈಂಗಿಕ ಕಿರುಕುಳ, ಹಿಂಬಾಲಿಸೋದು ಇಂಥಾ ಕಂಪ್ಲೇಂಟ್ ಕೊಟ್ರ ಅದನ್ನ ಬರ್ಕೊಳೋಕಿನೂ ಹೆಣ್ಮಗಳೇ ಇರ್ಬೇಕು. ಎಫ್‌ಐಆರ್ ಕಾಪಿ ಫ್ರೀ, ಕೇಳಿ ತಗೀರಿ. ಐಟಿ ಕಾಯ್ದೆ ಕೇಸಿನ ತನಿಖೆ ಇನ್‌ಸ್ಪೆಕ್ಟರ್‌ಗಿಂತ ಕೆಳಗಿನೋರು ಮಾಡಂಗಿಲ್ಲ.

ಕಲಮುಗಳು ಪೊಲೀಸರು ಹಾಕ್ತಾರ, ಆದ್ರೂ ಗೊತ್ತಿದ್ರ ಚಲೋ. ಆನ್‌ಲೈನ್‌ನಾಗ ಬೆನ್ನು ಹತ್ತೋದಕ್ಕ ಭಾರತೀಯ ನ್ಯಾಯ ಸಂಹಿತೆಯ (ಐಪಿಸಿ ಬದ್ಲಿ ಬಂದ ಹೊಸ ಕಾಯ್ದೆ) 78, ಮೊದಲ ಸಲಕ್ಕ 3 ವರ್ಷದ ತನಕ. ಗುಟ್ಟಾಗಿ ಫೋಟೋ ತೆಗೆಯೋದು, ಹಂಚೋದಕ್ಕ 77. ಮಾನಕ್ಕ ಕುಂದು ತರೋ ಮಾತು ಸನ್ನೆಗಿ 79. ಅನಾಮಧೇಯ ಧಮ್ಕಿಗಿ 351. ರೊಕ್ಕ ಕಿತ್ತೋದಕ್ಕ 308. ಐಟಿ ಕಾಯ್ದೆದಾಗ 66ಇ ಖಾಸಗಿತನ, 66ಸಿ ಮತ್ತ 66ಡಿ ಇನ್ನೊಬ್ಬರ ಹೆಸರಿಲೆ ಆಟ ಆಡೋದು, 67 ಅಶ್ಲೀಲ, 67ಎ ಲೈಂಗಿಕ ದೃಶ್ಯ, ಇದಕ್ಕ ಮೊದಲ ಸಲಕ್ಕೇ 5 ವರ್ಷ, 10 ಲಕ್ಷದ ತನಕ ದಂಡ. ಟೈಪಿಂಗ್ ಮಾಡೋ ನಮ್ಮಂಥೋರಿಗೂ ಒಂದು ಮಾತು, ಹಳೇ ಫಾರ್ಮ್ಯಾಟಿನಾಗ 66ಎ ಅಂತ ಇನ್ನೂ ಇರ್ತದ, ಅದನ್ನ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ಕ್ಕೇ ಹೊಡೆದು ಹಾಕ್ಯದ, ತೆಗೆದು ಬಿಡ್ರಿ. ಐಪಿಸಿ 354ಡಿ, 509 ಅಂತ ಬರೆಯೋದೂ ಹಳೇದು, 2024ರ ಜುಲೈ 1ಕ್ಕಿಂತ ಮೊದ್ಲಿನ ಘಟನೆಗಷ್ಟೇ ಅವು.

ಎಐ ಲೆ ಮಾಡಿದ ಫೋಟೋ, ಖರೆ ನಾನಲ್ಲ, ಅಂದ್ರೂ ಕೇಸ್ ಆಗ್ತದ. 2023ರ ನವೆಂಬರ್‌ನಾಗ ನಟಿ ರಶ್ಮಿಕಾ ಮಂದಣ್ಣ ಮುಖ ಹಚ್ಚಿದ ಡೀಪ್‌ಫೇಕ್ (ಎಐ ಲೆ ಮಾಡಿದ ಸುಳ್ಳು) ವಿಡಿಯೋ ಬಂತಲ್ಲ, 2024ರ ಜನವರಿದಾಗ ದಿಲ್ಲಿ ಪೊಲೀಸರು ಮಾಡಿದವನ್ನ ಹಿಡ್ದ್ರು. ಅವ ಅಕೌಂಟ್ ಡಿಲೀಟ್ ಮಾಡಿ ಓಡಿದ್ರೂ ರಿಜಿಸ್ಟ್ರೇಶನ್ ಮಾಹಿತಿ 180 ದಿನ ಇಟ್ಕೋಬೇಕು ಅಂತ ಕಂಪನಿಗಳಿಗಿ ನಿಯಮ ಅದ. ಅಂದ್ರ ಟೈಮ್ ಅದ, ಆದ್ರ ದೀಪಾವಳಿ ಮುಗೀಲಿ, ಪರೀಕ್ಷಾ ಮುಗೀಲಿ ಅನ್ಕೋತ ಕುಂತ್ರ ಅದೂ ದಾಟ್ತದ.

ಈಗ ಅನುಭವದ ಮಾತು. ನಾ ಒಬ್ಬಾಕಿ ಸಂಗಟ ಒಂದು ಠಾಣೆಗಿ ಹೋಗಿದ್ದೆ, ಊರು ಹೆಸರು ಬ್ಯಾಡ. ಅಲ್ಲಿದ್ದೋರು ಸ್ಕ್ರೀನ್‌ಶಾಟ್ ನೋಡಲೇ ಇಲ್ಲ, ನೀ ಯಾಕ ಇನ್‌ಸ್ಟಾಗ್ರಾಮ್ ಇಟ್ಟಿ ಅಂತ ಆಕಿಗೇ ಕೇಳಿದ್ರು, ಆಮ್ಯಾಲ ಹುಡುಗನ್ನ ಕರೆಸಿ ಬುದ್ಧಿ ಹೇಳ್ತೀವಿ ಕಾಂಪ್ರಮೈಸ್ ಆಗ್ರಿ ಅಂದ್ರು. ಆಕಿ ತಲಿ ಕೆಳಗ ಹಾಕಿ ಓಢಣಿ ತುದಿ ಸುತ್ಕೋತ ಕುಂತಿದ್ಲು, ನಾ ಹೊರಗ ಬಂದು ಅದೇ ಕಂಪ್ಲೇಂಟ್ ಮತ್ತ ಪ್ರಿಂಟ್ ಹಾಕಿ ಎಸ್‌ಪಿ ಸಾಹೇಬ್ರಿಗಿ ರಿಜಿಸ್ಟರ್ ಪೋಸ್ಟ್ ಮಾಡ್ಸಿದೆ. ಇದು ನಾ ಕಂಡು ಹಿಡಿದ ದಾರಿ ಅಲ್ಲ, 173ನೇ ಕಲಮಿನ 4ನೇ ಉಪಕಲಮಿನಾಗೇ ಅದ, ಠಾಣೆದಾಗ ತಗೊಳಲಿಲ್ಲ ಅಂದ್ರ ಎಸ್‌ಪಿಗಿ ಬರವಣಿಗೆದಾಗ ಪೋಸ್ಟ್ ಮಾಡು, ಅಲ್ಲೂ ಆಗಲಿಲ್ಲ ಅಂದ್ರ ಮ್ಯಾಜಿಸ್ಟ್ರೇಟ್ ಕಡಿ ಹೋಗು ಅಂತ. ಕಲಬುರಗಿ ಸಿಟಿ ಒಳಗಿನೋರಾದ್ರ ಪೊಲೀಸ್ ಕಮಿಷನರ್‌ಗಿ, ಚಿತ್ತಾಪುರ, ಸೇಡಂ, ಅಫಜಲಪುರ ಕಡೀದೋರಾದ್ರ ಎಸ್‌ಪಿಗಿ. ಪೋಸ್ಟ್ ರಸೀದಿ ಪಿನ್ ಹೊಡೆದು ಇಡ್ರಿ. ಹದಿನೈದು ದಿನದ ಮ್ಯಾಲ ಅದೇ ಠಾಣೆದಿಂದ ಆಕಿಗಿ ಫೋನ್ ಬಂತು, ಬಂದು ಹೇಳಿಕೆ ಕೊಡ್ರಿ ಅಂತ.

ವಕೀಲರಿಗಿ ರೊಕ್ಕ ಎಲ್ಲಿಂದ ತರೋದು ಅಂತ ಕೇಳ್ತಾರ. ಹೆಣ್ಮಕ್ಕಳಿಗಿ ಆದಾಯ ಎಷ್ಟೇ ಇದ್ರೂ ಫ್ರೀ ಕಾನೂನು ನೆರವು ಅದ, ಜಿಲ್ಲಾ ಕೋರ್ಟಿನಾಗ ಕಾನೂನು ಸೇವಾ ಪ್ರಾಧಿಕಾರದ ಆಫೀಸು ಇರ್ತದ, ಫೋನ್ 15100. ಒಬ್ಬಾಕೇ ಹೋಗ್ಲಿಕ್ಕಿ ಅಂಜಿಕಿ ಇದ್ರ ಸಖಿ ಒನ್ ಸ್ಟಾಪ್ ಸೆಂಟರ್‌ನೋರು ಜೊತಿಗಿ ಬರ್ತಾರ, 181ಕ್ಕ ಹಚ್ಚಿ ಕೇಳ್ರಿ. ಬೀದರದಾಗ ಪೊಲೀಸರದ್ದೇ ಅಕ್ಕ ಪಡೆ ಅಂತ ಹೆಣ್ಮಕ್ಕಳ ಸಹಾಯಕ್ಕ ಒಂದು ತಂಡ ಅದ, ಕಾಲೇಜ್ ಹುಡುಗ್ಯಾರಿಗಿ ಅವರ ಮುಂದ ಬಾಯಿ ಬಿಡೋದು ಠಾಣೆಗಿಂತ ಹಗುರ. ಕಾಡೋನು ಕಾಲೇಜಿನೋನೇ, ಇಲ್ಲಾ ಆಫೀಸಿನೋನೇ ಇದ್ರ ಲೈಂಗಿಕ ಕಿರುಕುಳದ ದೂರು ಕೇಳೋ ಅಲ್ಲಿನ ಆಂತರಿಕ ಸಮಿತಿಗೂ ಕೊಡ್ರಿ, ಮೆಸೇಜ್ ರಾತ್ರಿ ಮನಿಯಿಂದ ಕಳಿಸ್ಯಾನ ಅನ್ನೋ ನೆವ ಕೇಳಬ್ಯಾಡ್ರಿ. ಮನಿ ಮುಂದೇ ಬಂದು ನಿಂತಾನ ಅಂದ್ರ ಇದೆಲ್ಲ ಬಿಟ್ಟು ಸೀದಾ 112.

ಹುಡುಗಿ 18ಕ್ಕಿಂತ ಸಣ್ಣಾಕಿ ಇದ್ರ

ಇಲ್ಲಿ ಹುಷಾರ್. ಆ ಫೋಟೋ ವಿಡಿಯೋ ಪುರಾವೆ ಅಂತ ಮಾಮಾಗ, ಹೆಡ್ ಮಾಸ್ತರಗ, ಓಣಿ ಲೀಡರಗ ಫಾರ್ವರ್ಡ್ ಮಾಡಬ್ಯಾಡ್ರಿ, ಮಕ್ಕಳ ಅಂಥಾ ಚಿತ್ರ ಇಟ್ಕೊಳೋದು ಕಳಿಸೋದು ಎರಡೂ ಕಾನೂನಿನಾಗ ಸಿಗಿಸ್ತಾವ, ಅಪ್ಪ ಅವ್ವ ಚಲೋ ಮನಸ್ಸಿಲೆ ಮಾಡಿದ್ರೂ ಫೋಟೋ ಅಂತೂ ಇನ್ನೊಂದು ಫೋನಿಗಿ ಹೋದಂಗೇ ಆಯ್ತು. ಲಿಂಕು, ನಂಬರ್ ಬರ್ಕೊಂಡು ಮೂಲ ಫೋನ್ ಹಂಗೇ ಠಾಣೆಗಿ ಒಯ್ರಿ. ಮಕ್ಕಳನ್ನ ಲೈಂಗಿಕ ಅಪರಾಧದಿಂದ ಕಾಯೋ 2012ರ ಪೋಕ್ಸೊ ಕಾಯ್ದೆ ಲಾಗೂ ಆಗ್ತದ. ಹುಡುಗಿ ಹೇಳಿಕೆನ ಆಕಿ ಮನಿಯಾಗ, ಇಲ್ಲಾ ಆಕಿ ಹೇಳಿದ ಕಡಿ ಬಂದು ತಗೋಬೇಕು, ಪೊಲೀಸರು ಯೂನಿಫಾರ್ಮ್‌ನಾಗ ಬರಂಗಿಲ್ಲ, ಆಕಿ ಹೆಸರು ಸಾಲಿ ಹೆಸರು ಯಾವ ಪೇಪರಿನಾಗೂ ಹಾಕಂಗಿಲ್ಲ. ಗೊತ್ತಿದ್ದೂ ತಿಳಿಸದೆ ಮುಚ್ಚಿಡೋ ದೊಡ್ಡೋರಿಗೂ ಅದೇ ಕಾಯ್ದೆದಾಗ ಶಿಕ್ಷಾ ಅದ. ಮಕ್ಕಳ ಸಹಾಯವಾಣಿ 1098.

ಮನಿ ಮಂದಿಗಿ

ನನ್ನ ಅಂಗಡಿಗಿ ಬರೋ ಹುಡುಗ್ಯಾರಿಗಿ ಕಾಡೋನ ಅಂಜಿಕಿಗಿಂತ ಮನಿದು ಅಂಜಿಕಿ ಜಾಸ್ತಿ. ಅಪ್ಪಗ ಗೊತ್ತಾದ್ರ ಫೋನ್ ಕಸಗೊಂತಾರ, ಕಾಲೇಜ್ ಬಿಡಸ್ತಾರ, ಗಂಡು ನೋಡ್ತಾರ, ಇದೇ ಮೂರು ಮಾತು ಎಲ್ರೂ ಹೇಳ್ತಾರ. ಕಾಡೋನಿಗೂ ಅದು ಗೊತ್ತು, ನಿಮ್ಮಪ್ಪಗ ಕಳಸ್ಲೇನು ಅಂತ ಅವ ಹೆದರಿಸೋದು ಅದಕ್ಕೇ. ಅಪ್ಪ ಅನ್ನೋನು ಹಂಗ ಮಾಡಂಗಿಲ್ಲ ಅಂತ ಹುಡುಗಿಗಿ ಮೊದ್ಲೇ ಗೊತ್ತಿದ್ರ ಅವನ ಧಮ್ಕಿದಾಗ ದಮ್ಮೇ ಉಳಿಯಂಗಿಲ್ಲ. ಅಣ್ಣ ತಮ್ಮಂದಿರು ಗೆಳ್ಯಾರನ್ನ ಕರ್ಕೊಂಡು ಅವನ್ನ ಹೊಡೀಲಿಕ್ಕಿ ಹೋಗೋದೂ ಬ್ಯಾಡ್ರಿ, ಹಂಗ ಮಾಡಿ ಕೇಸು ಉಲ್ಟಾ ಇವರ ಮ್ಯಾಲ ಆಗಿದ್ದು ನಾ ನೋಡೀನಿ, ಎರಡೂ ಕಡೀದು ಟೈಪ್ ನಾನೇ ಮಾಡಿದ್ದೆ.

ನಿದ್ದಿ ಹತ್ತವಲ್ದು, ಊಟ ಸೇರವಲ್ದು, ಸಾಯ್ಬೇಕು ಅನ್ನಿಸ್ತದ ಅಂದ್ರ 14416, ಟೆಲಿ ಮಾನಸ್ ಅನ್ನೋ ಮನಸ್ಸಿನ ಆರೋಗ್ಯದ ಸಹಾಯವಾಣಿ, ಹಗಲಿ ರಾತ್ರಿ ಇರ್ತದ, ಕನ್ನಡದಾಗ ಮಾತಾಡ್ತಾರ, ಫ್ರೀ. ಮನಿಯೋರೇ ಹಚ್ಚಿ ಕೈಗಿ ಕೊಡ್ರಿ.

ಫೋನ್ ಬಂದೋಬಸ್ತು

ಇದು ಲಗೂನ ಮುಗಿಸ್ತೀನಿ. ವಾಟ್ಸಾಪ್‌ನಾಗ ಟೂ ಸ್ಟೆಪ್ ಪಿನ್ ಹಾಕ್ರಿ, ಲಿಂಕ್ಡ್ ಡಿವೈಸಸ್ ತೆರೆದು ನೋಡ್ರಿ, ನಿಮಗ ಗೊತ್ತಿಲ್ದ ಕಂಪ್ಯೂಟರ್ ಇದ್ರ ಲಾಗೌಟ್ ಮಾಡ್ರಿ, ನಿಮ್ಮ ಚಾಟ್ ಬ್ಯಾರೆಯೋರು ಓದೋದು ಸಾಮಾನ್ಯವಾಗಿ ಹಿಂಗೇ. ಡಿಪಿ ಮತ್ತ ಗ್ರೂಪಿಗಿ ಯಾರು ಸೇರಿಸಬಹುದು ಅನ್ನೋದು ಎರಡೂ 'ಮೈ ಕಾಂಟ್ಯಾಕ್ಟ್ಸ್' ಇಡ್ರಿ. ಫೇಸ್‌ಬುಕ್ ಪ್ರೊಫೈಲ್ ಲಾಕ್ ಮಾಡ್ರಿ. ಇನ್‌ಸ್ಟಾದಾಗ ಹಿಡನ್ ವರ್ಡ್ಸ್ ಅಂತ ಅದ, ನೀವು ಹೇಳಿದ ಶಬ್ದ ಇರೋ ಕಮೆಂಟು ಮೆಸೇಜು ಮುಚ್ಚಿಡ್ತದ, ಬೈಗುಳ ಶಬ್ದ ಕನ್ನಡ ಲಿಪಿದಾಗ ಒಂದ್ಸಲ, ಇಂಗ್ಲಿಷ್ ಲಿಪಿದಾಗ ಒಂದ್ಸಲ ನೀವೇ ಹಾಕಬೇಕು, ನಮ್ಮ ಕಡೀ ಬೈಗುಳ ಅದಕ್ಕೇನು ಗೊತ್ತು. ಫೋನ್ ರಿಪೇರಿಗಿ ಕೊಡೋ ಮುಂದ ಸಿಮ್, ಮೆಮೊರಿ ಕಾರ್ಡ್ ತಗೀರಿ, ಗ್ಯಾಲರಿ ಖಾಲಿ ಮಾಡಿ ಕೊಡ್ರಿ, ಪಾಸ್‌ವರ್ಡ್ ಚೀಟಿಮ್ಯಾಲ ಬರ್ದು ಕೊಡಬ್ಯಾಡ್ರಿ.

ಎಫ್‌ಐಆರ್ ಆದ ಮ್ಯಾಲ ಪೊಲೀಸರು ಫೋನ್ ಕೇಳಬಹುದು. ಕೊಡೋಕಿಂತ ಮೊದ್ಲ ಸಿಮ್ ಬ್ಯಾರೆ ಫೋನಿಗಿ ಹಾಕ್ಕೋಬಹುದೇನು ಕೇಳ್ರಿ, ಇಲ್ಲಾಂದ್ರ ಬ್ಯಾಂಕಿನ ಓಟಿಪಿ ಎಲ್ಲಾ ನಿಂತ್ಹೋಗ್ತದ. ಜಪ್ತಿ ಮಾಡಿದ್ದಕ್ಕ ಪಂಚನಾಮಾ ಕಾಪಿ ತಗೀರಿ. ತನಿಖೆ ಎಲ್ಲಿಗಿ ಬಂತು ಅಂತ 90 ದಿನದೊಳಗ ಅವರೇ ನಿಮಗ ತಿಳಿಸ್ಬೇಕು, ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಮು, ತಿಳಿಸಲಿಲ್ಲ ಅಂದ್ರ ಒಂದು ಹಾಳಿ ಅರ್ಜಿ ಬರ್ದು ಕೇಳ್ರಿ. ಅಕ್ನಾಲೆಜ್‌ಮೆಂಟ್, ಎಫ್‌ಐಆರ್, ಪೋಸ್ಟ್ ರಸೀದಿ, ಪೆನ್‌ಡ್ರೈವ್ ಎಲ್ಲಾ ಒಂದೇ ಫೈಲಿನಾಗ ಇರ್ಲಿ. ಫ್ರಾಡ್ 2 ಹುಡುಗಿ ತನ್ನ ಫೈಲಿನ ಮ್ಯಾಲ ದಪ್ಪ ಅಕ್ಷರಿಲೆ 'ಸ್ಕಾಲರ್‌ಶಿಪ್ ಕಾಗದ' ಅಂತ ಬರ್ಕೊಂಡಾಳ, ಮನಿಯಾಗ ಇನ್ನೂ ಯಾರೂ ಅದನ್ನ ತೆರೆದು ನೋಡಿಲ್ಲಂತ.